ಕಲ್ಯಾಣದ ಹೆಬ್ಬಟ್ಟೆಗಳೂ ಉಗಿಬಂಡಿಯ ದಾರಿಯೂ

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆಯೇ ಕನ್ನಡಿಗರ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುವುವು: ಚಾಲುಕ್ಯ ಚಕ್ರವರ್ತಿಗಳ ಆಸ್ಥಾನ ಒಂದು, ಬಸವಾದಿ ಶರಣರ ಮಹಾಮನೆ ಇನ್ನೊಂದು. ಇವೆರಡೂ ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಮುಗಿದುಹೋದುವೆಂದೂ, ಅಂದು ನಡೆದ ಕ್ರಾಂತಿಯಿಂದಲೇ ಊರು ಹಾಳುಬಿದ್ದಿತೆಂದೂ, ಅಲ್ಲಿಂದ ಮುಂದೆ ಕಲ್ಯಾಣಕ್ಕೆ ಚರಿತ್ರೆಯೇ ಇಲ್ಲವೆಂದೂ ಭಾವಿಸುವುದು ವಾಡಿಕೆಯಾಗಿದೆ. ಆದರೆ ಒಂದು ಊರಿನ ಏಳುಬೀಳುಗಳಿಗೆ ಅರಸುಗಳ ವಂಶಾವಳಿಯೊಂದೇ ಕಾರಣವಾಗಲಾರದು. ಊರಿಗೆ ಬರುವ ದಾರಿಗಳು ಎಲ್ಲಿಂದ ಬರುತ್ತಿದ್ದುವು, ಯಾವಾಗ ತುಂಬಿ ಹರಿಯುತ್ತಿದ್ದುವು, ಯಾವಾಗ ಬತ್ತಿದುವು ಎಂಬುದನ್ನೂ ವಿಚಾರಿಸಬೇಕು. ಹೀಗೆ ವಿಚಾರಿಸಿದಲ್ಲಿ ಕಲ್ಯಾಣವು ಬಿಜ್ಜಳನ ಕಾಲದಲ್ಲಿಯೇ ಮೂಲೆಗೆ ಬಿದ್ದುದಲ್ಲವೆಂದೂ, ಅದನ್ನು ನಿಜವಾಗಿ ಮೂಲೆಗೆ ತಳ್ಳಿದುದು ಹತ್ತೊಂಬತ್ತನೆಯ ಶತಮಾನದ ಉಗಿಬಂಡಿಯೆಂದೂ ತೋರುತ್ತದೆ. ಈ ಅಭಿಪ್ರಾಯಕ್ಕೆ ಆಧಾರಗಳೇನೆಂಬುದನ್ನು ಇಲ್ಲಿ ಪರಿಶೀಲಿಸಲಾಗುವುದು.

೧. ನೆಲದ ಸ್ವರೂಪ

ಮೊದಲು ನೆಲವನ್ನು ನೋಡಬೇಕು. ಬೀದರ, ಹುಮನಾಬಾದ, ಬಸವಕಲ್ಯಾಣಗಳಿರುವ ಪ್ರದೇಶವು ಸುತ್ತಣ ಸೀಮೆಗಿಂತ ಎತ್ತರವಾದ ಹಾಸುನೆಲ. ಅಡಿಯಲ್ಲಿ ದಖ್ಖಣದ ಕರಿಗಲ್ಲು. ಬೀದರ ಹುಮನಾಬಾದಗಳ ಕಡೆಯಲ್ಲಿ ಅದರ ಮೇಲೆ ಕೆಂಪು ಮುರಕಲ್ಲಿನ ಹೊದಿಕೆ. ಕಲ್ಯಾಣದ ಕಡೆಗೆ ಬಂದಂತೆ ಕಪ್ಪು ಎರೆ. ಈ ಹಾಸುನೆಲದ ಉತ್ತರದ ನೀರು ಕಾರಂಜಾ ಮೊದಲಾದ ಹೊಳೆಗಳ ಮೂಲಕ ಮಾಂಜ್ರಾ ನದಿಯನ್ನು ಸೇರಿ ಗೋದಾವರಿಗೆ ಹೋಗುತ್ತದೆ. ದಕ್ಷಿಣದ ನೀರು ಮುಲ್ಲಾಮಾರಿಯಾಗಿ ಹರಿದು ಕಾಗಿಣಾ ನದಿಯನ್ನೂ, ಅದರ ಮೂಲಕ ಭೀಮೆಯನ್ನೂ, ಕೊನೆಗೆ ಕೃಷ್ಣೆಯನ್ನೂ ಸೇರುತ್ತದೆ. ದಖ್ಖಣದ ಎರಡು ಮಹಾನದಿಗಳ ನೀರು ಬೇರೆಯಾಗುವ ಏಣು ಈ ತಾಲ್ಲೂಕುಗಳಲ್ಲಿಯೇ ಹಾದುಹೋಗುವುದೆಂಬುದು ಗಮನಾರ್ಹವಾದ ಸಂಗತಿ.

ಸೇತುವೆಗಳಿಲ್ಲದ ಕಾಲದಲ್ಲಿ ದಾರಿಗರಿಗೆ ಇಂತಹ ಏಣಿಗಿಂತ ಹಿತವಾದ ನೆಲ ಬೇರೊಂದಿಲ್ಲ. ಕಣಿವೆಯಲ್ಲಿ ನಡೆದರೆ ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತಡೆಯುವುವು. ಎರೆಮಣ್ಣು ಬಂಡಿಯ ಗಾಲಿಯನ್ನು ಕಚ್ಚಿ ಹಿಡಿಯುವುದು. ಏಣಿನ ಮೇಲಾದರೋ ದಾಟಬೇಕಾದ ಹೊಳೆಗಳು ಕಡಮೆ, ಮುರಕಲ್ಲಿನ ನೆಲ ಮಳೆ ನಿಂತೊಡನೆ ಒಣಗುತ್ತದೆ, ಏರಿಳಿತಗಳೂ ಮೃದು. ಇಂದು ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಸೊಲ್ಲಾಪುರ, ನಳದುರ್ಗ, ಉಮರ್ಗಾಗಳ ಮೇಲೆ ಬಂದು, ಕಲ್ಯಾಣವನ್ನು ಕೆಲವು ಮೈಲಿ ಉತ್ತರಕ್ಕೆ ಬಿಟ್ಟು, ರಾಜೇಶ್ವರ, ಹುಮನಾಬಾದ, ಮನ್ನಾಎಖೇಳಿಗಳನ್ನು ಹಾದು ಜಹೀರಾಬಾದಿಗೆ ಹೋಗುವುದು. ಇದು ಬಹುಭಾಗದಲ್ಲಿ ಆ ಏಣಿನ ಬಳಿಬಳಿಯಲ್ಲಿಯೇ ಸಾಗುತ್ತದೆ. ಹೊಸ ಕಾಲದ ಇಂಜಿನಿಯರುಗಳು ಈ ದಾರಿಯನ್ನು ಕಲ್ಪಿಸಿದರೆನ್ನುವುದಕ್ಕಿಂತ, ಎತ್ತುಗಳು ಮೊದಲೇ ತುಳಿದಿದ್ದ ದಾರಿಯ ಮೇಲೆ ಜಲ್ಲಿ ಹಾಸಿದರೆನ್ನುವುದೇ ಯುಕ್ತವಾದೀತು.

ಈ ಪೂರ್ವಪಶ್ಚಿಮದ ಏಣುದಾರಿಯಲ್ಲದೆ ಇನ್ನೆರಡು ದಾರಿಗಳನ್ನು ನೆಲವೇ ಸೂಚಿಸುತ್ತದೆ. ದಕ್ಷಿಣದಲ್ಲಿ ಕಾಗಿಣಾ ಮತ್ತು ಭೀಮಾ ಬಯಲಿನಿಂದ ಮುಲ್ಲಾಮಾರಿಯ ಕಣಿವೆಯನ್ನಾಗಲಿ ಕಮಲಾಪುರದ ಕಡೆಯ ಇಳಿಜಾರನ್ನಾಗಲಿ ಹಿಡಿದು ಮೇಲೇರುವ ದಾರಿ ಒಂದು. ಉತ್ತರದಲ್ಲಿ ಭಾಲ್ಕಿ, ಉದಗೀರಗಳ ಕಡೆಗೆ ಇಳಿದು ಮಾಂಜ್ರಾವನ್ನು ದಾಟಿ ಗೋದಾವರಿಯ ಸೀಮೆಗೂ ದೇವಗಿರಿಗೂ ಹೋಗುವ ದಾರಿ ಇನ್ನೊಂದು. ಕಲ್ಯಾಣವು ಈ ಮೂರೂ ದಾರಿಗಳಿಗೆ ಕೈಗೆಟಕುವಂತಿದ್ದು, ಸುತ್ತಲೂ ತಗ್ಗಾದ ಗುಡ್ಡಗಳು ಬಳಸಿರುವುದರಿಂದ ದೂರದಿಂದ ಕಾಣದ ಸ್ಥಳದಲ್ಲಿದೆ. ದಾರಿಗೆ ಹತ್ತಿರವಾಗಿರುವುದೂ ದಾರಿಹೋಕನ ಕಣ್ಣಿಗೆ ಬೀಳದಿರುವುದೂ ರಾಜಧಾನಿಗೆ ಎರಡು ದೊಡ್ಡ ಗುಣಗಳು.

೨. ಮಾನ್ಯಖೇಟದಿಂದ ಕಲ್ಯಾಣಕ್ಕೆ

ರಾಷ್ಟ್ರಕೂಟರ ಮಾನ್ಯಖೇಟವು ಕಾಗಿಣಾ ನದಿಯ ದಡದಲ್ಲಿದ್ದಿತು. ಕ್ರಿ. ಶ. ೯೭೨ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. ಮರುವರ್ಷ ಎರಡನೆಯ ತೈಲಪನು ಚಾಲುಕ್ಯ ರಾಜ್ಯವನ್ನು ಪುನಃ ಸ್ಥಾಪಿಸಿದನು. ಅನಂತರ ಚೋಳರ ಕಾಟ ಬಲವಾಯಿತು. ೧೦೪೨ರಿಂದ ೧೦೬೮ರವರೆಗೆ ಆಳಿದ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ ಕಲ್ಯಾಣವು ಚಕ್ರವರ್ತಿಯ ನೆಲೆವೀಡಾಗಿ ಮೆರೆಯಿತು. ಬಿಲ್ಹಣನು ತನ್ನ ವಿಕ್ರಮಾಂಕದೇವಚರಿತದಲ್ಲಿ ಈ ನಗರವನ್ನು ಆಹವಮಲ್ಲನೇ ಕಟ್ಟಿಸಿದನೆಂದು ಹೇಳುತ್ತಾನೆ. ಅವನು ಬರಿಯ ನೆಲದ ಮೇಲೆ ಊರನ್ನು ಎತ್ತಿದನೋ, ಇದ್ದ ಊರನ್ನು ಬೆಳೆಯಿಸಿದನೋ ಎಂಬ ಚರ್ಚೆಗೆ ಇಲ್ಲಿ ಅವಕಾಶವಿಲ್ಲ. ಮಾನ್ಯಖೇಟಕ್ಕೂ ಕಲ್ಯಾಣಕ್ಕೂ ನೇರವಾಗಿ ಅಳೆದರೆ ಸುಮಾರು ೫೦ ಮೈಲಿ. ಎರಡೂ ಕಾಗಿಣೆಯ ಜಲಾನಯನಕ್ಕೆ ಸಂಬಂಧಿಸಿದ ಸ್ಥಳಗಳು. ಬಯಲಿನಲ್ಲಿ ಬಾಗಿಲು ತೆರೆದಂತಿದ್ದ ಮನೆಯನ್ನು ಬಿಟ್ಟು ಅದೇ ಹೊಳೆಯ ಸೀಮೆಯ ಮೇಲ್ದಂಡೆಗೆ ಏರಿದಂತೆ ಈ ಸ್ಥಳಾಂತರವು ಕಾಣುತ್ತದೆ. ಚೋಳರಿಗೆ ದೂರವಾಗುವುದರ ಜತೆಗೆ ಏಣುದಾರಿಯ ಒಡೆತನವೂ ಇದರಿಂದ ದೊರೆಯಿತೆನ್ನಬಹುದು.

ಆದರೂ ದಾರಿಯು ಮಿತ್ರನಿಗೆ ತೆರೆದಿರುವಂತೆಯೇ ಶತ್ರುವಿಗೂ ತೆರೆದಿರುವುದು. ಚೋಳ ರಾಜಾಧಿರಾಜನು ಕಲ್ಯಾಣದವರೆಗೂ ನುಗ್ಗಿ ಊರನ್ನು ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕ ಶಿಲ್ಪವನ್ನು ಹೊತ್ತುಕೊಂಡು ಹೋದನು. ಕಲ್ಯಾಣಪುರವನ್ನು ಗೆದ್ದು ತಂದುದೆಂಬ ತಮಿಳು ಬರಹವು ಆ ಶಿಲ್ಪದ ಪೀಠದಲ್ಲಿದೆ. ದಾರಾಸುರದ ದೇವಾಲಯದಲ್ಲಿದ್ದ ಅದು ಈಗ ತಂಜಾವೂರಿನ ಸಂಗ್ರಹಾಲಯದಲ್ಲಿದೆ. ಆಳೆತ್ತರದ ಒಂದು ಕಲ್ಲನ್ನು ಕೃಷ್ಣೆ, ತುಂಗಭದ್ರೆ, ಕಾವೇರಿಗಳನ್ನು ದಾಟಿಸಿ ಸಾಗಿಸಲಾಯಿತೆಂದರೆ ಭಾರದ ಬಂಡಿಗಳು ಓಡಾಡುವಂತಹ ದಾರಿ ಅಂದು ದಕ್ಷಿಣದುದ್ದಕ್ಕೂ ಇದ್ದಿತೆಂದು ಊಹಿಸಬಹುದು. ಈ ಕಲ್ಲನ್ನು ವಿಜಯದ ಗುರುತೆಂದು ಎಲ್ಲರೂ ವರ್ಣಿಸಿರುವರು. ಅದು ದಾರಿಯ ಗುರುತೂ ಹೌದೆಂಬುದನ್ನು ಮರೆಯಬಾರದು.

೩. ಹೇರೆತ್ತು, ಸುಂಕ, ಕವಿ, ಶರಣ

೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಅರ್ಧ ಶತಮಾನದಲ್ಲಿ ಈ ದಾರಿಗಳು ತುಂಬಿದ್ದುವು. ಆ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯಗಳೆಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುವುವು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಗವರೆಗಳು, ಮುಮ್ಮುರಿದಂಡಗಳು ಎಂಬ ವರ್ತಕಸಂಘಗಳು ದೇವಾಲಯಗಳಿಗೆ ಹೇರಿಗಿಷ್ಟೆಂದು ದತ್ತಿ ಬಿಡುತ್ತಿದ್ದುವು. ದತ್ತಿಯ ಲೆಕ್ಕಕ್ಕೆ ಹೇರೇ ಅಳತೆಯಾಗಿರುವುದು ವಿಚಾರಯೋಗ್ಯ. ಎತ್ತಿನ ಬೆನ್ನ ಮೇಲಣ ಹೇರೇ ಅಂದಿನ ವ್ಯಾಪಾರದ ಮೂಲಮಾನವೆಂಬುದು ಇದರಿಂದ ತಿಳಿಯುತ್ತದೆ. ಭೂಮಿಯ ಎಲ್ಲೆಗಳನ್ನು ಹೇಳುವಾಗ ಶಾಸನಕಾರರು ಹೆಬ್ಬಟ್ಟೆಯನ್ನು ಹೆಸರಿಸುವುದುಂಟು. ಬಟ್ಟೆಯೆಂದರೆ ದಾರಿ, ಹೆಬ್ಬಟ್ಟೆಯೆಂದರೆ ಹಿರಿಯ ದಾರಿ. ಕೆರೆಯಂತೆ, ಗುಡ್ಡದಂತೆ, ದಾರಿಯೂ ಅಲುಗದ ಗುರುತಾಗಿದ್ದಿತೆಂಬುದಕ್ಕೆ ಈ ಪ್ರಯೋಗವೇ ಸಾಕ್ಷಿ.

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ವಿಕ್ರಮಾದಿತ್ಯನ ಕೀರ್ತಿಯನ್ನು. ಕಲ್ಯಾಣದ ಬಳಿಯ ನಾರಾಯಣಪುರದ ಶಿವಾಲಯವೂ ಚಾಲುಕ್ಯ ಶಿಲ್ಪದ ಉತ್ತಮ ನಿದರ್ಶನ. ಇಂತಹ ಕುಸುರಿಯ ಗುಡಿಗಳು ರಾಜಧಾನಿಯ ಕೋಟೆಯೊಳಗೆ ಮಾತ್ರವಲ್ಲದೆ ಅದರ ಸುತ್ತಣ ಹಳ್ಳಿಗಳಲ್ಲಿ ಚದರಿರುವುದಕ್ಕೆ ದಾರಿಯ ಸಂಪತ್ತು ಒಂದು ಕಾರಣವಾಗಿರಬೇಕು.

ದಾರಿಗಳಲ್ಲಿ ಸರಕು ಮಾತ್ರ ಬರಲಿಲ್ಲ. ಕಾಶ್ಮೀರದ ಬಿಲ್ಹಣನು ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನೂ ಗುಜರಾತಿನ ಸೋಮನಾಥವನ್ನೂ ಕಂಡು, ದಕ್ಷಿಣದ ಸೇತುವಿನವರೆಗೂ ಅಲೆದು, ಕೊನೆಗೆ ಕಲ್ಯಾಣದಲ್ಲಿ ನೆಲೆಸಿದನು. ತನ್ನ ಕಾವ್ಯದ ಕೊನೆಯ ಸರ್ಗದಲ್ಲಿ ಈ ಯಾತ್ರೆಯನ್ನು ಅವನೇ ಹೇಳಿಕೊಂಡಿರುವನು. ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದೂ ಈ ಊರಿನಲ್ಲಿಯೇ. ಅವನ ಗ್ರಂಥವು ಇಲ್ಲಿಂದ ಹೊರಟು ಭರತಖಂಡದ ಬಹುಭಾಗದಲ್ಲಿ ವ್ಯವಹಾರಶಾಸ್ತ್ರದ ಪ್ರಮಾಣವಾಯಿತು.

ಶರಣರ ಚರಿತ್ರೆಯನ್ನು ದಾರಿಗಳ ದೃಷ್ಟಿಯಿಂದ ಓದಿದರೆ ಹೊಸ ಬೆಳಕು ಬೀಳುತ್ತದೆ. ಬಸವಣ್ಣನು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಮಂಗಳವಾಡದಿಂದ ಕಲ್ಯಾಣಕ್ಕೆ ಬಂದನೆಂದು ಪುರಾಣಗಳು ಹೇಳುವುವು. ಮಂಗಳವಾಡವೆಂದರೆ ಸೊಲ್ಲಾಪುರದ ಆಚೆಯ ಮಂಗಳವೇಢೆ, ಕಳಚುರಿಗಳ ಮೂಲನೆಲೆ. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮಂಗಳವೇಢೆ, ಸೊನ್ನಲಿಗೆ, ಕಲ್ಯಾಣ—ಈ ಮೂರನ್ನು ಗೆರೆಯಿಂದ ಕೂಡಿಸಿದರೆ ಏಣುದಾರಿಯ ಪಶ್ಚಿಮ ಭಾಗವೇ ಮೂಡುತ್ತದೆ. ಬಿಜ್ಜಳನು ಕಲ್ಯಾಣವನ್ನು ಹಿಡಿದುದು ಈ ದಾರಿಯ ಒಂದು ತುದಿಯಲ್ಲಿದ್ದವನು ಇನ್ನೊಂದು ತುದಿಗೆ ಬಂದಂತೆ. ಅಲ್ಲಮನು ಬಳ್ಳಿಗಾವೆಯಿಂದಲೂ, ಮಹಾದೇವಿಯಕ್ಕನು ಉಡುತಡಿಯಿಂದಲೂ ಬಂದರೆಂಬುದು ಪ್ರಸಿದ್ಧ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂಬುದು ಐತಿಹ್ಯ. ಕಾಶ್ಮೀರದ ಕವಿಯೊಬ್ಬನು ನಿಜವಾಗಿಯೂ ಈ ಊರಿಗೆ ಬಂದು ಬಾಳಿದ್ದನೆಂಬುದನ್ನು ನೆನೆದರೆ, ಆ ಐತಿಹ್ಯವು ಹುಟ್ಟುವುದಕ್ಕೆ ಕಲ್ಯಾಣದ ಜನರಿಗೆ ದೂರದೇಶದ ಪರಿಚಯವಿದ್ದುದೇ ಹಿನ್ನೆಲೆಯೆನ್ನಬಹುದು. ೧೧೬೭ರ ಸುಮಾರಿನ ಕ್ಷೋಭೆಯಲ್ಲಿ ಶರಣರು ಚದರಿದಾಗ ಚೆನ್ನಬಸವಣ್ಣನೇ ಮೊದಲಾದವರು ಪಶ್ಚಿಮದ ಕಾಡುಸೀಮೆಯ ಉಳವಿಯ ಕಡೆಗೆ ಹೋದರೆಂದು ಪರಂಪರೆಯು ಹೇಳುತ್ತದೆ. ಕೂಡಿಸಿದ ದಾರಿಗಳೇ ಅಂದು ಬೇರ್ಪಡಿಸಿದುವು.

೪. ಕ್ಷೋಭೆಯ ತರುವಾಯ

ಇಲ್ಲಿಗೆ ಕಲ್ಯಾಣದ ಕಥೆ ಮುಗಿಯಿತೇ? ಇಲ್ಲವೆಂಬುದಕ್ಕೆ ಸಾಧನಗಳಿವೆ. ೧೩೨೬ರ ಒಂದು ಸಂಸ್ಕೃತ ಶಾಸನವು ಕಲ್ಯಾಣದಲ್ಲಿಯೇ ದೊರೆತಿದೆ. ದೆಹಲಿಯ ಸುಲ್ತಾನ ಮಹಮ್ಮದನ ಆಳ್ವಿಕೆಯಲ್ಲಿ ಭಂಗಗೊಂಡ ಮಧುಕೇಶ್ವರ ಲಿಂಗವನ್ನು ಅಲ್ಲಿಯ ಅಧಿಕಾರಿಯ ಸಮ್ಮತಿಯಿಂದ ಪುನಃ ಪ್ರತಿಷ್ಠಿಸಿದ ವಿಷಯವು ಅದರಲ್ಲಿದೆ. ಹಾಳೂರಿನಲ್ಲಿ ಅಧಿಕಾರಿಯೂ ಇರುವುದಿಲ್ಲ, ಗುಡಿಯ ಜೀರ್ಣೋದ್ಧಾರವೂ ನಡೆಯುವುದಿಲ್ಲ.

ಬಹಮನಿ ಸುಲ್ತಾನರು ೧೩೪೭ರಲ್ಲಿ ಗುಲಬರ್ಗೆಯನ್ನೂ, ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬೀದರವನ್ನೂ ರಾಜಧಾನಿ ಮಾಡಿಕೊಂಡರು. ಬಯಲಿನಿಂದ ಹಾಸುನೆಲಕ್ಕೆ ರಾಜಧಾನಿಯು ಏರಿದುದು ಇದು ಎರಡನೆಯ ಸಲ. ಮಾನ್ಯಖೇಟವನ್ನು ಬಿಟ್ಟು ಕಲ್ಯಾಣಕ್ಕೆ ಹೋದ ಚಾಲುಕ್ಯರ ಹೆಜ್ಜೆಯನ್ನೇ ಅವರು ತಿಳಿದೋ ತಿಳಿಯದೆಯೋ ತುಳಿದರು. ೧೪೭೦ರ ಆಸುಪಾಸಿನಲ್ಲಿ ಬೀದರದಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ವರ್ಷಕ್ಕೊಮ್ಮೆ ಹತ್ತು ದಿನ ನೆರೆಯುವ ಒಂದು ಸಂತೆಯನ್ನು ವರ್ಣಿಸಿ, ಅಲ್ಲಿಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುವುವೆಂದು ಬರೆದಿರುವನು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆ ಸ್ಥಳವನ್ನು ವಿದ್ವಾಂಸರು ಆಳಂದವೆಂದು ಗುರುತಿಸುತ್ತಾರೆ. ಅದು ಕಲ್ಯಾಣಕ್ಕೆ ಮೂವತ್ತು ಮೂವತ್ತೈದು ಮೈಲಿ ನೈರುತ್ಯಕ್ಕಿದೆ.

ಹದಿನಾರನೆಯ ಶತಮಾನದ ನಡುವಣ ಕಾಲದಲ್ಲಿ ಬಿಜಾಪುರ, ಅಹಮದ್‌ನಗರ, ಬೀದರಗಳ ಸುಲ್ತಾನರು ಕಲ್ಯಾಣದ ಕೋಟೆಗಾಗಿ ಪದೇಪದೇ ಕಾದಾಡಿದರು. ವಿಜಯನಗರದ ಅಳಿಯ ರಾಮರಾಯನೂ ಆ ಜಗಳದಲ್ಲಿ ಕೈಹಾಕಿದನು. ೧೬೫೭ರಲ್ಲಿ ಔರಂಗಜೇಬನು ಬೀದರವನ್ನು ಹಿಡಿದಮೇಲೆ ಕಲ್ಯಾಣಿಗೂ ಮುತ್ತಿಗೆ ಹಾಕಿ, ತಿಂಗಳುಗಳ ಕಾಲ ಕಾದು, ಅದನ್ನು ವಶಪಡಿಸಿಕೊಂಡನು. ಸತ್ತ ಊರಿಗಾಗಿ ನಾಲ್ಕು ರಾಜ್ಯಗಳು ನೂರು ವರ್ಷ ರಕ್ತ ಸುರಿಸುವುದಿಲ್ಲ. ಕಲ್ಯಾಣವನ್ನು ಹಿಡಿದವನಿಗೆ ಏಣುದಾರಿಯು ಕೈವಶವಾಗುವುದೆಂಬುದೇ ಈ ಹೋರಾಟಗಳ ಮರ್ಮ. ನಿಜಾಮರ ಕಾಲದಲ್ಲಿ ಅದು ನವಾಬರ ಜಹಗೀರಾಗಿ ಮುಂದುವರಿಯಿತು. ೧೮೧೭ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿ ನೆಲೆಸಿ, ೧೮೬೫ರಲ್ಲಿ ಸಮಾಧಿಸ್ಥರಾದರು. ಹಿಂದೂ ಮುಸಲ್ಮಾನರೆನ್ನದೆ ಭಕ್ತರು ಸೇರುತ್ತಿದ್ದ ಆ ಮಾಣಿಕನಗರವು ದಾರಿಯ ಮಗ್ಗುಲಲ್ಲಿಯೇ ಬೆಳೆದುದೆಂಬುದನ್ನು ಲಕ್ಷಿಸಬೇಕು.

೫. ಹಳಿಗಳು ಬಳಸಿ ಹೋದುವು

ಮಾಣಿಕಪ್ರಭುಗಳ ಸಮಾಧಿಯಾದ ಆ ದಶಕದಲ್ಲಿಯೇ ಹೊಸ ಶಕ್ತಿಯೊಂದು ಸಮೀಪಿಸುತ್ತಿದ್ದಿತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯು ೧೮೬೦ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಅದು ಹಳೆಯ ಏಣುದಾರಿಯನ್ನು ಹಿಡಿಯಲಿಲ್ಲ. ಆಗ್ನೇಯಕ್ಕೆ ತಿರುಗಿ ಭೀಮಾ ಸೀಮೆಯ ಬಯಲಿನಲ್ಲಿ ಸಾಗಿ, ೧೮೭೦ರಲ್ಲಿ ಗುಲಬರ್ಗೆಯನ್ನೂ ೧೮೭೧ರಲ್ಲಿ ರಾಯಚೂರನ್ನೂ ಸೇರಿ ಮದರಾಸಿನ ಹಳಿಯನ್ನು ಕೂಡಿತು.

ಇದಕ್ಕೆ ಕಾರಣವನ್ನು ದ್ವೇಷದಲ್ಲಿಯೋ ಅಲಕ್ಷ್ಯದಲ್ಲಿಯೋ ಹುಡುಕಬೇಕಾಗಿಲ್ಲ. ಕಂಪನಿಯ ಕಣ್ಣು ಮುಂಬಯಿ ಮದರಾಸುಗಳನ್ನು ಕೂಡಿಸುವುದರ ಮೇಲಿದ್ದಿತು. ಅದಲ್ಲದೆ ಉಗಿಬಂಡಿಯ ಸ್ವಭಾವವೇ ಬೇರೆ. ಎತ್ತು ಕಡಿದಾದ ಏರನ್ನೂ ಉಸಿರುಕಟ್ಟಿ ಹತ್ತುತ್ತದೆ, ಆದರೆ ಹೊಳೆಗೆ ಅಂಜುತ್ತದೆ. ಉಗಿಬಂಡಿಗೆ ಹೊಳೆಯ ಅಂಜಿಕೆಯಿಲ್ಲ, ಸೇತುವೆ ಕಟ್ಟಿದರೆ ಸಾಕು. ಏರಿನ ಅಂಜಿಕೆಯೇ ಅದಕ್ಕೆ ಹೆಚ್ಚು. ನೂರು ಅಡಿಗೆ ಒಂದು ಅಡಿ ಏರಿದರೂ ಭಾರದ ಬಂಡಿ ಕಷ್ಟಪಡುವುದು. ಬೇರೆ ಗತಿಯಿಲ್ಲದ ಬೋರಘಾಟಿನಲ್ಲಿ ಮೂವತ್ತೇಳಕ್ಕೆ ಒಂದರ ಏರನ್ನು ಕಟ್ಟಬೇಕಾಯಿತು. ೧೮೬೩ರಲ್ಲಿ ತೆರೆದ ಆ ಘಟ್ಟದ ಹಳಿಗಾಗಿ ಪಟ್ಟ ಪಾಡು ಪ್ರಸಿದ್ಧವಾಗಿದೆ. ಹೀಗೆ ಎತ್ತು ಯಾವ ಕಾರಣದಿಂದ ಏಣನ್ನು ಒಪ್ಪಿ ಕಣಿವೆಯನ್ನು ಬಿಟ್ಟಿತೋ, ಅದಕ್ಕೆ ವಿಪರೀತವಾದ ಕಾರಣದಿಂದ ಉಗಿಬಂಡಿಯು ಕಣಿವೆಯನ್ನು ಒಪ್ಪಿ ಏಣನ್ನು ಬಿಟ್ಟಿತು. ಸಾವಿರ ವರ್ಷದ ದಾರಿಯ ತರ್ಕವು ಹತ್ತು ವರ್ಷದಲ್ಲಿ ತಲೆಕೆಳಗಾಯಿತು.

೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ಹಳಿ ತೆರೆಯಿತು; ಅದು ಹೋದುದು ಮಳಖೇಡದ ಹತ್ತಿರದಿಂದ. ಕಲ್ಯಾಣಕ್ಕಾಗಿ ಚಾಲುಕ್ಯರು ತೊರೆದ ಮಾನ್ಯಖೇಟದ ಹೆಸರು ರೈಲುನಿಲ್ದಾಣದ ಹಲಗೆಯ ಮೇಲೆ ಬಂದಿತು. ಕಲ್ಯಾಣದ ಹೆಸರು ಬರಲಿಲ್ಲ. ಪಶ್ಚಿಮದಲ್ಲಿ ಎವರಾರ್ಡ್ ಕಾಲ್ತ್ರಾಪನೆಂಬ ಇಂಜಿನಿಯರನು ಎರಡೂವರೆ ಅಡಿ ಅಗಲದ ಬಾರ್ಸಿ ಕಿರುಹಳಿಯನ್ನು ೧೮೯೭ರಲ್ಲಿ ಆರಂಭಿಸಿದನು; ಅದು ೧೯೦೬ರಲ್ಲಿ ಪಂಢರಪುರವನ್ನೂ ೧೯೧೧ರಲ್ಲಿ ಲಾತೂರನ್ನೂ ಮುಟ್ಟಿತು. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರಗಳ ಮೇಲೆ ಪರಳಿಗೆ ಹೋಗುವ ಹಳಿಯು ೧೯೩೦ರ ದಶಕದ ಆರಂಭದ ಹೊತ್ತಿಗೆ ಸಿದ್ಧವಾಯಿತು. ನಕಾಶೆಯನ್ನು ಬಿಡಿಸಿ ನೋಡಿದರೆ ದಕ್ಷಿಣಕ್ಕೊಂದು, ಉತ್ತರಪೂರ್ವಗಳಿಗೊಂದು, ಪಶ್ಚಿಮಕ್ಕೊಂದು ಹಳಿ. ನಡುವೆ ಕಲ್ಯಾಣ, ಹುಮನಾಬಾದಗಳು ಬರಿದು. ಹಳೆಯ ದಾರಿಗಳು ಕೂಡುತ್ತಿದ್ದ ಸ್ಥಳವನ್ನೇ ಹೊಸ ದಾರಿಗಳು ಸುತ್ತಿ ಹೋದುವು. ಒಂದು ಊರು ಮೂಲೆಗೆ ಬೀಳುವುದೆಂದರೆ ಇದೇ.

೧೯೩೨ರಲ್ಲಿ ನಿಜಾಮರ ರೈಲ್ವೆಯು ೨೭ ಮೋಟಾರುಗಳಿಂದ ಬಸ್ಸಿನ ಸೇವೆಯನ್ನು ಆರಂಭಿಸಿತು; ಮೋಟಾರಿನ ಬಳಕೆ ಬೆಳೆದಂತೆ ಏಣುದಾರಿಗೆ ಮತ್ತೆ ಬೆಲೆ ಬಂದಿತು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಕ್ಕೆ ನಡೆದಾಗ ಹಿಡಿದುದು ನಳದುರ್ಗ, ರಾಜೇಶ್ವರ, ಹುಮನಾಬಾದ, ಜಹೀರಾಬಾದುಗಳ ಈ ದಾರಿಯನ್ನೇ. ನಾಲ್ಕೈದು ದಿನಗಳಲ್ಲಿ ಸಂಸ್ಥಾನದ ಗತಿ ತೀರ್ಮಾನವಾಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕಲ್ಯಾಣಿಗೆ ಬಸವಕಲ್ಯಾಣವೆಂಬ ಹೆಸರಾಯಿತು. ಬೀದರದಿಂದ ಹುಮನಾಬಾದಿನ ಮೇಲೆ ಕಲಬುರಗಿಗೆ ಹೋಗುವ ೧೧೦ ಕಿಲೋಮೀಟರಿನ ಹಳಿಯು ಪೂರ್ತಿಯಾಗಿ ಉದ್ಘಾಟನೆಗೊಂಡುದು ೨೦೧೭ರ ಅಕ್ಟೋಬರ್ ೨೯ರಂದು. ಹಾಸುನೆಲದಿಂದ ಬಯಲಿಗಿಳಿಯಲು ಮರಗುತ್ತಿಯ ಬಳಿ ಗುಡ್ಡವನ್ನು ಕೊರೆದು ಒಂದೂವರೆ ಕಿಲೋಮೀಟರಿಗೂ ಮಿಕ್ಕ ಸುರಂಗವನ್ನು ಮಾಡಬೇಕಾಯಿತು. ೧೮೬೦ರ ದಶಕದ ಇಂಜಿನಿಯರುಗಳು ಈ ಇಳಿಜಾರಿನ ತಂಟೆಗೆ ಏಕೆ ಹೋಗಲಿಲ್ಲವೆಂಬ ಪ್ರಶ್ನೆಗೆ ಈ ಸುರಂಗವೇ ಉತ್ತರ ಹೇಳುತ್ತದೆ. ಬಸವಕಲ್ಯಾಣದ ಪಟ್ಟಣಕ್ಕೆ ಇಂದಿಗೂ ಹಳಿಯಿಲ್ಲ.

೬. ದಾರಿಗಳ ಅಧ್ಯಯನ

ಈ ವಿಮರ್ಶೆಗೆ ಒಂದು ಆಕ್ಷೇಪವು ಬರಬಹುದು. ಕಲ್ಯಾಣವು ಹನ್ನೆರಡನೆಯ ಶತಮಾನದ ತರುವಾಯ ಮತ್ತೆ ಸಾಮ್ರಾಜ್ಯದ ರಾಜಧಾನಿಯಾಗಲಿಲ್ಲವಲ್ಲ, ಅದೇ ಅವನತಿಯಲ್ಲವೇ ಎಂದು ಕೇಳಬಹುದು. ವೈಭವವು ಕುಂದಿತೆಂಬುದು ನಿಜವೇ. ಆದರೆ ರಾಜಧಾನಿಯ ಪದವಿಯನ್ನು ಕಳೆದುಕೊಳ್ಳುವುದು ಬೇರೆ, ದಾರಿಯನ್ನು ಕಳೆದುಕೊಳ್ಳುವುದು ಬೇರೆ. ಮೊದಲನೆಯದರಿಂದ ಅರಮನೆ ಬರಿದಾಗುತ್ತದೆ. ಎರಡನೆಯದರಿಂದ ಸಂತೆ ಬರಿದಾಗುತ್ತದೆ. ಇವೆರಡಕ್ಕೂ ನಡುವೆ ಏಳುನೂರು ವರ್ಷಗಳ ಅಂತರವಿದೆ. ಅವುಗಳನ್ನು ಒಂದೇ ಎಂದು ತಿಳಿದುದರಿಂದಲೇ ಶರಣರ ಕ್ರಾಂತಿಯು ಊರನ್ನು ಹಾಳುಮಾಡಿತೆಂಬ ಮಾತು ಪಾಠಶಾಲೆಗಳವರೆಗೆ ಹಬ್ಬಿದೆ. ಸಮಾನತೆಯನ್ನು ಬೋಧಿಸಿದವರ ಮೇಲೆ ಇಂತಹ ಆರೋಪವನ್ನು ಹೊರಿಸುವ ಮುನ್ನ ಸಾಕ್ಷ್ಯಗಳನ್ನು ತೂಗಿ ನೋಡುವುದು ವಿದ್ವಾಂಸರ ಧರ್ಮ.

ಹಳೆಯ ದಾರಿಗಳನ್ನು ತಿಳಿಯಬೇಕಾದರೆ ಗ್ರಂಥಗಳು ಮಾತ್ರ ಸಾಲವು. ಅವುಗಳ ಮೇಲೆ ಹೋಗಬೇಕು. ವೇಗದ ಮೋಟಾರಿನಲ್ಲಿ ಕುಳಿತವನಿಗೆ ಏಣೂ ತಿಳಿಯದು, ಇಳಿಜಾರೂ ತಿಳಿಯದು. ಕಾಲುನಡೆಯವನಿಗೂ ಬೈಸಿಕಲ್ಲಿನ ಮೇಲೆ ಹೋಗುವವನಿಗೂ ಇವು ತಾವಾಗಿಯೇ ತಿಳಿಯುವುವು. ಕಾಲು ಸುಲಭವಾಗಿ ತುಳಿಯುವ ಕಡೆಯಲ್ಲಿ ಹೇರೆತ್ತೂ ಸುಲಭವಾಗಿ ನಡೆದಿತ್ತೆಂದು ತಿಳಿಯಬಹುದು. ಕಲ್ಯಾಣದಿಂದ ಹುಮನಾಬಾದಿಗೆ ಹೋಗಿ, ಅಲ್ಲಿಂದ ಜಲಸಂಗಿಯನ್ನು ನೋಡಿಕೊಂಡು, ಕೆಂಬಾಳೆಗೆ ಹೆಸರಾದ ಕಮಲಾಪುರದ ಕಣಿವೆಗೆ ಇಳಿದು ಕಲಬುರಗಿಯನ್ನು ಸೇರುವ ದಾರಿಯಲ್ಲಿ ಮುರಕಲ್ಲು ಮುಗಿದು ಎರೆ ಆರಂಭವಾಗುವ ಸ್ಥಳವನ್ನು ಬೈಸಿಕಲ್ಲಿನವನು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲನು. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವಣ ಕೈಬಿಟ್ಟ ಹಳಿಯ ದಾರಿಯನ್ನು ೧೯೭೯ರಿಂದ ೧೯೮೬ರವರೆಗೆ ಪಾದಚಾರಿಗಳಿಗೂ ಬೈಸಿಕಲ್ಲುಗಳಿಗೂ ಯೋಗ್ಯವಾಗುವಂತೆ ಮಾಡಿದರು. ಉಗಿಬಂಡಿಗಾಗಿ ಮೃದುವಾಗಿ ಕಡೆದ ಏರು ಮನುಷ್ಯನ ಕಾಲಿಗೂ ಹಿತವಾಗುತ್ತದೆಂಬುದೇ ಇದರ ರಹಸ್ಯ. ಕಲ್ಯಾಣದ ಪಶ್ಚಿಮಕ್ಕಿದ್ದ ಬಾರ್ಸಿಯ ಕಿರುಹಳಿಯೂ ಈ ಶತಮಾನದ ಮೊದಲ ದಶಕದಲ್ಲಿ ಅಗಲಹಳಿಗೆ ಎಡೆಕೊಟ್ಟು ಹಳೆಯ ಕಾಲದ ವಸ್ತುವಾಯಿತು. ಎತ್ತಿನ ದಾರಿಯಂತೆ ಹಳಿಯ ದಾರಿಯೂ ಚರಿತ್ರೆಯ ಸಾಧನವೇ ಆಗಿದೆ.

ಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ೨೦೨೧ರ ಜನವರಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಮಂಟಪಕ್ಕೆ ಬರುವವರು ಬಸವಣ್ಣನು ಬಂದ ಬಟ್ಟೆ ಯಾವುದೆಂದು ಕೇಳದಿರಲಾರರು. ಹೆದ್ದಾರಿಯನ್ನು ಅಗಲಮಾಡುವಾಗ ದಾರಿಬದಿಯ ಬಾವಿ, ಕಟ್ಟೆ, ಗಡಿಗಲ್ಲು, ವೀರಗಲ್ಲುಗಳು ಮೊದಲು ಬಲಿಯಾಗುವುವು. ಆದುದರಿಂದ ಮಂಗಳವೇಢೆಯಿಂದ ಬೀದರದವರೆಗಣ ಏಣುದಾರಿಯನ್ನು ಊರೂರಾಗಿ ನಡೆದು ನೋಡಿ, ಸುಂಕದ ಶಾಸನಗಳನ್ನೂ ಹಳೆಯ ಬಾವಿಗಳನ್ನೂ ಸಂತೆಯ ಮಾಳಗಳನ್ನೂ ಒಂದು ನಕಾಶೆಯಲ್ಲಿ ಗುರುತುಮಾಡುವ ಕಾರ್ಯವು ತಡವಿಲ್ಲದೆ ಆಗಬೇಕಾಗಿದೆ. ಇದಕ್ಕೆ ದೊಡ್ಡ ಹಣ ಬೇಡ. ಆ ಸೀಮೆಯ ಶಾಲೆಗಳ ಉಪಾಧ್ಯಾಯರು ತಮ್ಮ ತಮ್ಮ ಊರಿನ ಎಲ್ಲೆಯೊಳಗಣ ದಾರಿಯನ್ನು ವಿವರವಾಗಿ ಬರೆದಿಟ್ಟರೆ ಅರ್ಧ ಕೆಲಸ ಮುಗಿಯುವುದು.